ಮಡಿ ಕಟ್ಟುವ ಮುನ್ನ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಸಿಂಧನೂರು ತಾಲೂಕಿನ ಶಾಲೆಗೆ ಶಿಕ್ಷಕಿಯಾಗಿ ಹಾಜರಾದ ಸುದ್ದಿಯನ್ನು ನಿಮ್ಮಪ್ಪ ಹೇಳಿದ. ಕೈತೋಟದ ಉಸ್ತುವಾರಿಯೂ ನಿನಗೇ ಬಂತಂತೆ. ಹೊಸಬರ ಕೊರಳಿಗೆ ಇಂಥವನ್ನು ಕಟ್ಟುವುದು ಮಾಸ್ತರಿಕೆಯಲ್ಲಿ ಹಳೆಯ ಪದ್ಧತಿ, ಬೇಸರ ಮಾಡಿಕೊಳ್ಳಬೇಡ.

ತೋಟವನ್ನು ಬರೀ ಶನಿವಾರದ ಕೆಲಸ ಮಾಡಿಬಿಡಬೇಡ, ಎಲ್ಲ ಪಾಠಗಳಿಗೂ ಬಳಸು, ಅಷ್ಟೇ ನನ್ನ ಮಾತು. ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. ಅದು ಎಲ್ಲ ವಿಷಯಗಳಲ್ಲೂ ಬೆರೆತು ಬರಲಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಯಸಿತು. ಕಾಗದದಲ್ಲಿ ಎಲ್ಲ ಸರಿ ಇದೆ. ಗಣಿತದ ಮಾಸ್ತರು ತಮ್ಮ ಪಿರಿಯಡ್ಡಿನಲ್ಲಿ ಮಕ್ಕಳನ್ನು ಹೊರಗೆ ಬಿಡಬೇಕಲ್ಲ! ಅದಕ್ಕೇ ಅವರ ಪಾಠವನ್ನೇ ತೋಟದಲ್ಲಿ ಹುಡುಕಿಕೊಡು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್ ನೀರು. ಕೋಣೆಯ ಉದ್ದಗಲ ಮಕ್ಕಳೇ ಅಳೆಯಲಿ. 50 ಚದರ ಮೀಟರ್ ಮಾಳಿಗೆಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್. "ಸರ್, ಅಷ್ಟು ನೀರು ಎಲ್ಲಿ ಹೋತ್ರೀ?" ಎಂದು ಒಬ್ಬ ಹುಡುಗ ಕೇಳಿದರೆ ಸಾಕು.

ನಿಮ್ಮ ಸೀಮೆಯಲ್ಲಿ ನೀರು ಹೆಚ್ಚಾದದ್ದೂ ಒಂದು ತಾಪತ್ರಯ. ತುಂಗಭದ್ರಾ ಎಡದಂಡೆ ಕಾಲುವೆ ಬಂತು, ಭತ್ತ ಬಂತು. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ನಿಂತ ನೀರಿನಿಂದ ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಹೊಲ ಸವಳಾಗುವುದು ಹೀಗೆ. ಎರಡು ಹಳೆಯ ಡಬ್ಬಿಗಳಲ್ಲಿ ಇದನ್ನು ತೋರಿಸಬಹುದು. ಒಂದರ ತಳಕ್ಕೆ ತೂತು ಹಾಕಿಸು, ಇನ್ನೊಂದಕ್ಕೆ ಬೇಡ. ಎರಡಕ್ಕೂ ಮಣ್ಣು ತುಂಬಿ ಉಪ್ಪುನೀರು ಹಾಕಿಸು, ಆಮೇಲೆ ಕೆಲವು ದಿನ ಸಿಹಿನೀರು. ತೂತಿನ ಡಬ್ಬಿಯಲ್ಲಿ ಉಪ್ಪು ತೊಳೆದು ಇಳಿದುಹೋಗುತ್ತದೆ. ಇನ್ನೊಂದರ ಮಣ್ಣು ಒಣಗಿದಾಗ ಬಿಳಿ ಪದರ ಕಾಣುತ್ತದೆ. ಎರಡರಲ್ಲೂ ಮೆಂತ್ಯ ಬಿತ್ತಿಸಿ ನೋಡಲು ಬಿಡು. ಹೊಲಕ್ಕೆ ಬಸಿಗಾಲುವೆ ಏಕೆ ಬೇಕು ಎಂಬುದನ್ನು ಮಕ್ಕಳು ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾರೆ. ಒಂದು ಎಚ್ಚರ: ಭತ್ತ ಬೆಳೆದ ಅಪ್ಪನನ್ನು ಮಗುವಿನ ಮುಂದೆ ತಪ್ಪಿತಸ್ಥನನ್ನಾಗಿ ಮಾಡಬೇಡ. ಕಾಲುವೆಯ ಕೊನೆಯ ಊರುಗಳಿಗೆ ನೀರೇ ಮುಟ್ಟುವುದಿಲ್ಲ ಎಂಬ ಜಗಳವೂ ಇದೆ. ಅದನ್ನು ಸಮಾಜ ವಿಜ್ಞಾನದವರು ಎತ್ತಿಕೊಳ್ಳಲಿ.

ಸಮಾಜ ವಿಜ್ಞಾನದವರಿಗೆ ಮೆಣಸಿನಕಾಯಿ ಗಿಡವನ್ನೂ ಕೊಡು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕುಗಾರರು ಜೊತೆಗಿದ್ದರು. ಅಮೆರಿಕ ಖಂಡದ ಈ ಕಾಯಿಯನ್ನು ಭಾರತಕ್ಕೆ ತಂದವರೂ ಪೋರ್ಚುಗೀಸರೇ. ಕನ್ನಡ ಪಾಠಕ್ಕೆ ಪುಂಡಿ, ಹಕ್ಕರಕಿ ಸೊಪ್ಪು ಸಾಕು. ಹೇಗೆ ಮಾಡುತ್ತಾರೆ ಎಂದು ಅಜ್ಜಿಯನ್ನು ಕೇಳಿ ಬರೆದುಕೊಂಡು ಬರಲಿ.

ತಡವಾಗಿ ಬಂದವನಿಗೆ ಕಳೆ ಕೀಳುವ ಶಿಕ್ಷೆ ಬೇಡ. ಹೆಣ್ಣುಮಕ್ಕಳಿಗೆ ಕಸಬರಿಗೆ, ಗಂಡುಮಕ್ಕಳಿಗೆ ಪೈಪು ಎಂಬ ಹಂಚಿಕೆಯೂ ಬೇಡ. ಜಾತಿ ನೋಡಿ ಗುದ್ದಲಿ ಕೊಡುವವರು ಕಂಡರೆ ಮುಖ್ಯಗುರುಗಳ ಮುಂದೆಯೇ ಹೇಳು, ಹೆದರಬೇಡ.

ಏಪ್ರಿಲ್-ಮೇ ರಜೆಯಲ್ಲಿ ನೀರು ಹಾಕುವವರು ಯಾರು ಎಂಬುದನ್ನು ಈಗಲೇ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರ (ಎಸ್‌ಡಿಎಂಸಿ) ಹತ್ತಿರ ಮಾತಾಡು. ಸೊಪ್ಪಿನ ಮಡಿಗಳನ್ನು ಮಳೆಗಾಲಕ್ಕೆ ಇಟ್ಟುಕೋ, ಬೇಸಿಗೆಗೆ ನುಗ್ಗೆ, ಕರಿಬೇವು ಸಾಕು. ನಮ್ಮ ಹಿತ್ತಲ ನುಗ್ಗೆಯ ಗೂಟ ಬೇಕಿದ್ದರೆ ತಿಳಿಸು, ಮಳೆ ಹಿಡಿದ ಮೇಲೆ ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಇಂತಿ ನಿನ್ನ ದೊಡ್ಡಪ್ಪ