ಮಾರುವ ಮೊದಲು ಕೊನೆಯ ಪುಟ ತಿದ್ದು

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರವೂ ಕಥೆಗಳೂ ತಲುಪಿದವು. ಅಂತರ್ಜಾಲದಲ್ಲಿ ಅಷ್ಟೊಂದು ಜನ ಓದಿದರೂ ಬಿಡಿಗಾಸು ಹುಟ್ಟಲಿಲ್ಲ, ಇನ್ನು ಬರೆದೇನು ಫಲ ಎಂದಿದ್ದೀಯ. ಕಥೆಗಳನ್ನು ಎನ್‌ಎಫ್‌ಟಿ (ಒಡೆತನದ ಗುರುತಾದ ಡಿಜಿಟಲ್ ಟೋಕನ್) ಮಾಡಿ ಮಾರಿದರೆ ಮರುಮಾರಾಟದಲ್ಲೂ ಪಾಲು ಬರುತ್ತದಂತೆ, ಮಾಡಲೇ ಎಂದು ಕೇಳಿದ್ದೀಯ. ಟೋಕನ್ ಇಟ್ಟುಕೊಳ್ಳುವ ವಾಲೆಟ್ ತೆರೆಯುವ ಬಗೆಯನ್ನು ನಿನ್ನ ಓರಗೆಯವರನ್ನು ಕೇಳಿಕೋ.

ನಿನ್ನ ಆಸೆ ತಪ್ಪಲ್ಲ. ನನ್ನ ಮೊದಲ ಸಂಕಲನ ಮತ್ತೆ ಮತ್ತೆ ಅಚ್ಚಾಯಿತು. ಪ್ರಕಾಶಕರು ಒಮ್ಮೆಯೂ ಲೆಕ್ಕ ಕೊಡಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ಪ್ರತಿ ಮಾರಾಟವೂ ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ಲೆಕ್ಕದ ಪುಸ್ತಕವಾದ ಬ್ಲಾಕ್‌ಚೈನ್‌ನಲ್ಲಿ ಎಲ್ಲರಿಗೂ ಕಾಣುವಂತೆ ದಾಖಲಾಗುತ್ತದೆ ಎಂದರೆ ನನಗೂ ಸಂತೋಷವೇ. ಆದರೆ ಮರುಮಾರಾಟದ ಆ ಪಾಲಿನ, ಅಂದರೆ ರಾಯಧನದ ದರ ಟೋಕನ್‌ನಲ್ಲಿ ಬರೆದಿದ್ದರೂ ವಸೂಲಿ ಮಾಡಿಕೊಡುವುದು ಬಹುಪಾಲು ಮಾರುಕಟ್ಟೆಯ ಮರ್ಜಿ. 2023ರ ಆಗಸ್ಟ್‌ನಲ್ಲಿ ಓಪನ್‌ಸೀ ಎಂಬ ಎನ್‌ಎಫ್‌ಟಿ ಮಾರುಕಟ್ಟೆ ರಾಯಧನದ ಕಡ್ಡಾಯ ವಸೂಲಿಯನ್ನು ಕೈಬಿಡುವುದಾಗಿ ಘೋಷಿಸಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಲ್ಲಿ, ಮೂಲ ಹಸ್ತಪ್ರತಿ ಹತ್ತು ಸಾವಿರ ರೂಪಾಯಿಗೆ ಮೀರಿ ಮರುಮಾರಾಟವಾದರೆ ಲೇಖಕನಿಗೆ ಪಾಲುಂಟು. ಟೋಕನ್ನಿನ ಮಾತು ಅಲ್ಲಿಲ್ಲ. ಕೊಂಡವನಿಗೆ ಕೃತಿಸ್ವಾಮ್ಯವೂ ತಾನಾಗಿ ಹೋಗುವುದಿಲ್ಲ, ನೀನು ಬರೆದುಕೊಟ್ಟರಷ್ಟೇ. ಬರೆದುಕೊಡಬೇಡ.

ನನ್ನ ತಕರಾರು ಹಣದ್ದಲ್ಲ, ತಿದ್ದುವುದರದ್ದು. ಇಂಥ ಬರಹವನ್ನು ಸಾಮಾನ್ಯವಾಗಿ ಹಲವು ಕಂಪ್ಯೂಟರ್‌ಗಳು ಸೇರಿ ಕಡತ ಹಂಚಿಕೊಳ್ಳುವ ಜಾಲವಾದ ಐಪಿಎಫ್‌ಎಸ್‌ನಲ್ಲಿ ಇಡುತ್ತಾರೆ. ಅಲ್ಲಿ ಕಡತದ ವಿಳಾಸ ಅದರೊಳಗಿನ ಅಕ್ಷರಗಳಿಂದಲೇ ಹುಟ್ಟುತ್ತದೆ. ಒಂದು ಅಲ್ಪವಿರಾಮ ತೆಗೆದರೂ ವಿಳಾಸವೇ ಬೇರೆ. ಕದ್ದವರ ಎದುರು ಇದು ನಿನಗೆ ಒಳ್ಳೆಯ ಸಾಕ್ಷಿ, ಒಪ್ಪುತ್ತೇನೆ. ಆದರೆ ಇದೊಂದೇ ಮೂಲ ಪ್ರತಿ ಎಂದು ದುಡ್ಡು ಸುರಿದವನು, ನೀನು ಮುಂದೆ ಇನ್ನೂ ಚೆನ್ನಾಗಿ ಬರೆದುಬಿಟ್ಟರೆ ಸಂತೋಷಪಡುತ್ತಾನೆಯೇ? ಅವನಿಗೆ ಬೇಕಾದದ್ದು ನಿನ್ನ ಕಥೆ ಅಲುಗಾಡದೆ ಇರುವುದು. ನಿನಗೆ ಬೇಕಾದದ್ದು ಅದನ್ನು ಹತ್ತು ಸಲ ಹರಿದು ಹೊಲಿಯುವ ಸ್ವಾತಂತ್ರ್ಯ. ನಿನ್ನ ವಯಸ್ಸಿಗೆ ಅದಕ್ಕಿಂತ ದೊಡ್ಡ ಆಸ್ತಿಯಿಲ್ಲ.

ಪಡಿತರ ಅಂಗಡಿಯ ಕಥೆಯನ್ನೇ ನೋಡು. ಯಂತ್ರ ಬೆರಳಚ್ಚು ಗುರುತಿಸದೆ ಹೋದಾಗ ಅಜ್ಜಿ ಸವೆದ ಹೆಬ್ಬೆರಳನ್ನು ಸೆರಗಿಗೆ ಒರೆಸಿ, ಬಾಯಿಂದ ಊದಿ, ಮತ್ತೆ ಒತ್ತುತ್ತಾಳೆ. ಹಿಂದಿನ ಸಾಲಿನವರ ಕ್ಷಮೆ ಕೇಳುತ್ತಾಳೆ. ಓದಿ ಹಾಳೆ ಕೆಳಗಿಟ್ಟು ಸುಮ್ಮನೆ ಕುಳಿತೆ. ಇಷ್ಟನ್ನು ಕಂಡ ಹುಡುಗ ಕೊನೆಯ ಪುಟದಲ್ಲಿ ಮೊಮ್ಮಗನ ಬಾಯಲ್ಲಿ ಸರ್ಕಾರದ ವಿರುದ್ಧ ಭಾಷಣ ಯಾಕೆ ಮಾಡಿಸಿದ? ಚಪ್ಪಾಳೆಗೆ ತಾನೆ? ಈಗಲೇ ಟೋಕನ್ ಮಾಡಿದರೆ ಆ ಭಾಷಣವೇ ನಿನ್ನ ಮೂಲ ಪ್ರತಿಯಾಗಿ ಮಾರುಕಟ್ಟೆಯಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ.

ಬಾವಿಯ ಕಥೆ ಮುಗಿದ ಕಥೆ. ಅದರಲ್ಲಿ ಒಂದು ಪದವೂ ಕದಲಿಸುವಂತಿಲ್ಲ. ಪ್ರಯೋಗ ಮಾಡಲೇಬೇಕೆಂದರೆ ಅದನ್ನು ಮಾರು. ಬಂದ ಹಣದಲ್ಲಿ ಕೈಸಾಲ ತೀರಿಸು, ಲಾಭಕ್ಕೆ ಶೇ 30 ತೆರಿಗೆ ಇರುವುದನ್ನು ಮರೆಯಬೇಡ. ಉಳಿದವನ್ನು ದೀಪಾವಳಿಯವರೆಗೆ ಯಾರಿಗೂ ಕೊಡಬೇಡ. ತಿದ್ದಿ ಕಳಿಸು, ಅಂಚಿನಲ್ಲಿ ಗುರುತು ಹಾಕಿ ಹಿಂದಿರುಗಿಸುತ್ತೇನೆ.

ನಿನ್ನ
ಅಣ್ಣ