ಶನಿವಾರ ಓದಿಸೋಕೆ ಬರೋರಿಗೆ

ಎಲ್ರಿಗೂ ನಮಸ್ಕಾರ, ಸ್ಯಾನ್ ಹೋಸೆ ಲೈಬ್ರರಿಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಇಂಗ್ಲಿಷ್ ಓದಿಸೋಕೆ ಬರ್ತಿರೋರು ದಯವಿಟ್ಟು ಇದನ್ನ ಓದಿ. ಹೋದ್ವಾರ ಒಂದು ಹುಡುಗಿ ಸ್ಕೂಲ್ ಅನ್ನೋಕೆ ‘ಎಸ್ಕೂಲ್’ ಅಂದ್ಳು, ನಮ್ಮೋರೊಬ್ರು ಮೂರ್ ಸಲ ತಿದ್ದಿದ್ರು, ಪಾಪ ಮಗು ಆಮೇಲೆ ಬಾಯೇ ಬಿಡ್ಲಿಲ್ಲ. ಸ್ಪ್ಯಾನಿಷಲ್ಲಿ ಪದ ‘ಸ್ಕ’ ಅಂತ ಶುರುವಾಗೋದೇ ಇಲ್ಲ, ಶಾಲೆಗೆ ಎಸ್ಕ್ವೇಲಾ ಅಂತಾರೆ, ನಮ್ಮಜ್ಜಿ ‘ಇಸ್ಕೂಲು’ ಅಂತಿರ್ಲಿಲ್ವಾ ಹಂಗೇ ಇದು. ಅವ್ರ ಭಾಷೇನೂ ಹೆಚ್ಚುಕಮ್ಮಿ ಬರ್ದಂಗೇ ಓದೋದು, ಅದಕ್ಕೇ ಇಂಗ್ಲಿಷ್ ಸ್ಪೆಲಿಂಗ್ ನೋಡಿ ಗಾಬರಿ ಆಗ್ತಾರೆ. ಗೊತ್ತಿರೋ ಪದದಿಂದ ಹಿಡೀರಿ, ಫ್ಯಾಮಿಲಿಗೆ ಫಮೀಲಿಯಾ, ಹಾಸ್ಪಿಟಲ್‌ಗೆ ಓಸ್ಪಿತಾಲ್, ಮುಖ ಅರಳುತ್ತೆ ನೋಡಿ. ಇನ್ನೊಂದು, ಮನೇಲೂ ಇಂಗ್ಲಿಷೇ ಮಾತಾಡ್ಸಿ ಅಂತ ಅಮ್ಮಂದಿರಿಗೆ ಯಾರೂ ಹೇಳ್ಬೇಡಿ, ಸ್ಪ್ಯಾನಿಷಲ್ಲೇ ಕಥೆ ಹೇಳ್ಲಿ, ಅದು ಓದೋಕೂ ಸಹಾಯ ಆಗುತ್ತೆ. ನಮ್ಮ ಕ್ಯಾಲಿಫೋರ್ನಿಯಾ ಶಾಲೆಗಳಲ್ಲೂ 1998ರಲ್ಲಿ ಎರಡು ಭಾಷೇಲಿ ಕಲಿಸೋದಕ್ಕೆ ಕಡಿವಾಣ ಹಾಕಿ, 2016ರಲ್ಲಿ ಜನರೇ ವೋಟ್ ಹಾಕಿ ಆ ಕಡಿವಾಣ ತೆಗೆದ್ರು. ಚಿತ್ರ ಜಾಸ್ತಿ ಇರೋ ಪುಸ್ತಕ ಮನೇಲಿದ್ರೆ ತನ್ನಿ, ಬರೋರು ಗುರುವಾರದೊಳಗೆ ಇಲ್ಲೇ ಹೇಳ್ಬಿಡಿ.