ಗಾರ್ಡ್ ಕಳಚಿಸುವುದು ಟಾರ್ಗೆಟ್

ಮಾನ್ಯ ಸಂಪಾದಕರೇ,

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೆ ಸಿದ್ಧ ಉಡುಪಿನ ಕಾರ್ಖಾನೆಗಳು ಬರಲಿ, ದುಡಿಮೆಗಾಗಿ ನಮ್ಮ ಮಕ್ಕಳು ಬೆಂಗಳೂರು, ಪುಣೆಯ ದಾರಿ ಹಿಡಿಯುವುದು ತಪ್ಪಲಿ ಎಂಬ ಬೇಡಿಕೆ ಹಳೆಯದು. ಬಂದ ಕಾರ್ಖಾನೆಯಲ್ಲಿ ದುಡಿಯುವವರ ಕೈ, ಕಣ್ಣು ಎಷ್ಟು ಭದ್ರ ಎಂಬ ಪ್ರಶ್ನೆ ಮಾತ್ರ ಮಾಲೀಕರ ಸಭೆಯಲ್ಲೂ ಏಳುವುದಿಲ್ಲ, ಕಾರ್ಮಿಕರ ಸಭೆಯಲ್ಲೂ ಪಗಾರ, ಬೋನಸ್ ಮುಗಿದ ಮೇಲೆ ಹೊತ್ತಿದ್ದರೆ ಏಳುತ್ತದೆ.

ಹೊಲಿಗೆ ಯಂತ್ರದ ಸೂಜಿಯ ಮುಂದೆ ಬೆರಳು ತಡೆಯಲು ಒಂದು ತಂತಿಯ ಗಾರ್ಡ್ ಇರುತ್ತದೆ. ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್, ಗುಂಡಿ ಹಚ್ಚುವ, ಜೇಬಿನ ತುದಿಯಂಥ ಕಡೆ ಹೊಲಿಗೆ ಬಿಗಿ ಮಾಡುವ ಬಾರ್‌ಟ್ಯಾಕ್ ಯಂತ್ರಗಳಲ್ಲಿ ಮುರಿದ ಸೂಜಿ ಕಣ್ಣಿಗೆ ಸಿಡಿಯದಂತೆ ಪಾರದರ್ಶಕ ಮರೆ, ಬೆಲ್ಟ್ ಮತ್ತು ಪುಲ್ಲಿಗೆ ಮುಚ್ಚಳ. ದುಬಾರಿ ಸಾಮಾನೇನಲ್ಲ. ಆದರೂ ಬಹಳಷ್ಟು ಲೈನ್‌ಗಳಲ್ಲಿ ಗಾರ್ಡ್ ಮೇಲಕ್ಕೆ ತಿರುಗಿಸಿಟ್ಟಿರುತ್ತದೆ, ಇಲ್ಲವೇ ಡ್ರಾಯರ್ ಸೇರಿರುತ್ತದೆ. ಆಡಿಟ್‌ನವರು ಬರುತ್ತಾರೆಂದಾಗ ಕೆಳಗಿಳಿಯುತ್ತದೆ.

‘ಎಷ್ಟು ಹೇಳಿದರೂ ಕೇಳೋದಿಲ್ಲರೀ’ ಎಂಬುದು ಸೂಪರ್‌ವೈಸರ್‌ಗಳ ಸಿದ್ಧ ಉತ್ತರ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಕಾಲರ್ ಮೂಲೆ ತಿರುಗಿಸುವಾಗ, ನೆರಿಗೆ ಕೂರಿಸುವಾಗ ಗಾರ್ಡ್ ಕಣ್ಣಿಗೆ ಅಡ್ಡ ಬರುತ್ತದೆ; ದಾರ ಪೋಣಿಸಲು ಎತ್ತಿ ಮತ್ತೆ ಇಳಿಸಬೇಕು. ಒಂದು ಪೀಸ್‌ಗೆ 60 ಸೆಕೆಂಡ್ ಬೇಕಿದ್ದ ಕೆಲಸಕ್ಕೆ ಗಾರ್ಡ್‌ನಿಂದ 2 ಸೆಕೆಂಡ್ ಹೆಚ್ಚಾಯಿತು ಎನ್ನೋಣ. ತಾಸಿಗೆ 60 ಆಗುತ್ತಿದ್ದದ್ದು 58 ಆಗುತ್ತದೆ, ಎಂಟು ತಾಸಿಗೆ 16 ಪೀಸ್ ಖೋತಾ. ಆ 16 ಪೀಸ್‌ಗಾಗಿ ಸಂಜೆ ಬೈಗುಳ ತಿನ್ನಬೇಕಾದವರು ಗಾರ್ಡ್ ಕಳಚದೆ ಏನು ಮಾಡುತ್ತಾರೆ? ಒಂದು ಪೀಸ್‌ಗೆ ಎಷ್ಟು ಹೊತ್ತು ಬೇಕೆಂದು ಅಳೆಯುವ ಟೈಮ್ ಸ್ಟಡಿಯವರು ಸ್ಟಾಪ್‌ವಾಚ್ ಹಿಡಿದು ನಿಂತಾಗ ಗಾರ್ಡ್ ಮೇಲಿತ್ತೋ ಕೆಳಗಿತ್ತೋ ಎಂದು ಹಾಳೆಯಲ್ಲಿ ಬರೆಯುವ ರೂಢಿಯೇ ಇಲ್ಲ. ಗಾರ್ಡ್ ಇಲ್ಲದೆ ಅಳೆದ ಸಮಯವೇ ಟಾರ್ಗೆಟ್ ಆದರೆ, ಗಾರ್ಡ್ ಹಾಕಿದವರಿಗೇ ದಂಡ.

ಹಾಗಾಗಿ ನಮ್ಮ ಮೊದಲ ಬೇಡಿಕೆ: ಗಾರ್ಡ್ ಹಾಕಿದ ಯಂತ್ರದ ಮೇಲೆ, ಕಾರ್ಮಿಕರ ಪ್ರತಿನಿಧಿಯೊಬ್ಬರು ಪಕ್ಕದಲ್ಲಿದ್ದು, ಟೈಮ್ ಸ್ಟಡಿ ಮತ್ತೆ ಆಗಬೇಕು. ಯಾವ ಕೆಲಸಕ್ಕೆ ಯಾವ ಆಕಾರದ ಗಾರ್ಡ್ ಅಡ್ಡಿಯಾಗುತ್ತದೆ ಎಂಬುದು ಹೊಲಿಯುವವರಿಗೆ ಗೊತ್ತು, ಅದನ್ನು ಬಗ್ಗಿಸಿ ಕೂರಿಸುವುದು ಮೆಕ್ಯಾನಿಕ್‌ಗೆ ಗೊತ್ತು. ಈ ಇಬ್ಬರನ್ನು ಅರ್ಧ ತಾಸು ಒಟ್ಟಿಗೆ ಕೂರಿಸಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಕಣ್ಣಿನ ಮರೆ ಗೀರು ಬಿದ್ದು ಮಬ್ಬಾದರೆ ಯಾರೂ ಅದನ್ನು ಉಳಿಸಿಕೊಳ್ಳುವುದಿಲ್ಲ, ಬದಲಿ ಮರೆ ಸ್ಟೋರ್‌ನಲ್ಲಿರಲಿ. ಹೀಗೆ ಸಮಯ ಸರಿಪಡಿಸಿದ ನಂತರವೂ ಗಾರ್ಡ್ ಕಳಚಿದವರಿಗೆ ಶಿಸ್ತಿನ ಕ್ರಮವಾದರೆ ಸಂಘಟನೆಗಳು ಅಡ್ಡ ನಿಲ್ಲಬಾರದು. ಈ ಮಾತು ಕೆಲವು ಗೆಳೆಯರಿಗೆ ಹಿಡಿಸಲಿಕ್ಕಿಲ್ಲ.

ಸೂಜಿ ಬೆರಳಿಗೆ ಹೊಕ್ಕಾಗ ಏನು ಮಾಡಬೇಕೆಂಬುದು ಲೈನಿನಲ್ಲಿ ಎಲ್ಲರಿಗೂ ಗೊತ್ತಿರಬೇಕು. ಮೊದಲು ಪೆಡಲ್‌ನಿಂದ ಕಾಲು ತೆಗೆದು ಸ್ವಿಚ್ ಆರಿಸಬೇಕು. ಹಳೆಯ ಕ್ಲಚ್ ಮೋಟಾರ್ ಸ್ವಿಚ್ ಆರಿಸಿದ ಮೇಲೂ ಕೆಲ ಹೊತ್ತು ತಿರುಗುತ್ತಲೇ ಇರುತ್ತದೆ, ಆಗ ಗಾಬರಿಯಲ್ಲಿ ಕಾಲು ತಗುಲಿದರೂ ಸೂಜಿ ಇನ್ನೊಮ್ಮೆ ಇಳಿಯುತ್ತದೆ. ಸೂಜಿ ಬದಲಿಸುವಾಗ ಆಗುವ ಗಾಯಗಳಿಗೂ ಇದೇ ಕಾರಣ. ಪೆಡಲ್ ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟಾರ್‌ನಲ್ಲಿ ಈ ಕಾಟವಿಲ್ಲ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಮೋಟಾರ್ ಪೂರ್ತಿ ನಿಂತ ಮೇಲೆ ಕೈಚಕ್ರವನ್ನು ನಿಧಾನ ತಿರುಗಿಸಿ ಸೂಜಿ ಮೇಲೆತ್ತಬೇಕು. ಬರದಿದ್ದರೆ ಸೂಜಿ ಹಿಡಿದಿರುವ ಸ್ಕ್ರೂ ಸಡಿಲಿಸಿ, ಸೂಜಿ ಸಮೇತ ಕೈ ಬಿಡಿಸಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಇಕ್ಕಳ ಹಾಕಿ ಎಳೆಯಬಾರದು. ಮುರಿದ ಚೂರುಗಳನ್ನೆಲ್ಲ ಆರಿಸಿ ಕಾಗದದ ಮೇಲೆ ಟೇಪ್ ಅಂಟಿಸಿ ಪೂರ್ಣ ಸೂಜಿ ಆಗುತ್ತದೆಯೇ ನೋಡಬೇಕು. ಒಂದು ಚೂರು ಕಡಿಮೆಯಿದ್ದರೂ ಎಕ್ಸ್‌ರೇ ಆಗಲೇಬೇಕು. ಚೂರು ಹುಡುಕುವ ಈ ಶಿಸ್ತು ಕಾರ್ಖಾನೆಗಳಲ್ಲಿ ಈಗಲೂ ಇದೆ, ಆದರೆ ಅಂಗಿಯೊಳಗೆ ಚೂರು ಉಳಿದು ಗ್ರಾಹಕರಿಗೆ ಚುಚ್ಚೀತು ಎಂಬ ಭಯಕ್ಕೆ. ಅದೇ ಕಾಳಜಿ ಬೆರಳಿಗೂ ಸಿಗಲಿ.

ಕಟಿಂಗ್ ವಿಭಾಗದಲ್ಲಿ ಗಾಯ ಕಡಿಮೆ, ಆದರೆ ಆದಾಗ ಬೆರಳೇ ಹೋಗುತ್ತದೆ. ಬಟ್ಟೆಯ ಲೇ (ಕತ್ತರಿಸಲು ಒಂದರ ಮೇಲೊಂದು ಹಾಸಿದ ಪದರಗಳು) ಒತ್ತಿ ಹಿಡಿಯುವ ಕೈಗೆ ಸ್ಟೀಲ್ ಜಾಲರಿಯ ಐದು ಬೆರಳಿನ ಗ್ಲೌಸ್ ಬೇಕು. ಎಲ್ಲರಿಗೂ ಒಂದೇ ಅಳತೆ ತರಿಸಿದರೆ ಸಣ್ಣ ಕೈಯವರಿಗೆ ತುದಿ ಸಡಿಲಾಗಿ ಬ್ಲೇಡಿನ ದಾರಿಗೆ ಬರುತ್ತದೆ, ಅವರು ತೆಗೆದಿಡುತ್ತಾರೆ. ಮೂರು ಅಳತೆ ತರಿಸಿ. ಒಂದು ಉಂಗುರ ಹರಿದರೂ ಆ ಗ್ಲೌಸ್ ಬಳಸಬಾರದು, ಬದಲಿಗೆ ಬಟ್ಟೆಯ ಗ್ಲೌಸ್ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ಬ್ಲೇಡಿನ ಮುಂದಿನ ಗಾರ್ಡ್ ಲೇ ಎತ್ತರಕ್ಕಿಂತ ಒಂದು ಬೆರಳಷ್ಟೇ ಮೇಲಿರಲಿ. ಬ್ಲೇಡ್ ಬದಲಿಸುವ ಮುನ್ನ ಪ್ಲಗ್ ಕಿತ್ತು, ಆ ಪ್ಲಗ್ ಕಣ್ಣೆದುರಿಗೇ ಇರಬೇಕು.

ಇಸ್ತ್ರಿ ವಿಭಾಗಕ್ಕೆ ಉಗಿ ಕೊಡುವ ಸಣ್ಣ ಬಾಯ್ಲರ್‌ಗಳಿಗೆ ನಮ್ಮ ಕಡೆಯ ಗಡಸು ಬೋರ್ ನೀರೇ ಶತ್ರು. ಸುಣ್ಣ ಕಟ್ಟಿ, ನೀರಿನ ಮಟ್ಟ ನೋಡುವ ಫ್ಲೋಟ್ ಸಿಕ್ಕಿಕೊಂಡರೆ ನೀರು ಮುಗಿದರೂ ಹೀಟರ್ ಆರುವುದಿಲ್ಲ. ಕಾದು ಒಣಗಿದ ಬಾಯ್ಲರ್‌ಗೆ ತಣ್ಣೀರು ಬಿಟ್ಟರೆ ಅದು ಸಿಡಿಯಬಹುದು. ಕರೆಂಟ್ ತೆಗೆದು ತಾನಾಗಿ ಆರಲು ಬಿಡಬೇಕು. ನೀರು ಮೆದು ಮಾಡುವ ಸಾಧನ, ದಿನಕ್ಕೊಮ್ಮೆ ಕೆಳಗಿನ ಕೊಳೆನೀರು ಬಿಡುವುದು, ಸೇಫ್ಟಿ ವಾಲ್ವ್ ಪರೀಕ್ಷೆ, ಇವು ತಪ್ಪಬಾರದು. 25 ಲೀಟರ್‌ಗಿಂತ ಕಡಿಮೆಯದು ಬಾಯ್ಲರ್ ಕಾಯ್ದೆಗೆ ಬರುವುದಿಲ್ಲ ಎಂದು ನೆಮ್ಮದಿಯಿಂದಿರುವವರುಂಟು, ಉಗಿಗೆ ಕಾಯ್ದೆ ಗೊತ್ತಿಲ್ಲ. ಕಲೆ ತೆಗೆಯುವ ಥಿನ್ನರ್ ಗನ್ ಬಳಸುವ ಕಡೆ ಎಕ್ಸಾಸ್ಟ್ ಬೇಕು, ಇದ್ದಿಲು ಫಿಲ್ಟರ್‌ನ ಮಾಸ್ಕ್ ಬೇಕು. ಬಟ್ಟೆಯ ಮಾಸ್ಕ್ ಆ ಆವಿಯನ್ನು ತಡೆಯುವುದಿಲ್ಲ.

ಇನ್ನು ಬೆಂಕಿ. 2024ರ ಆಗಸ್ಟ್‌ನಲ್ಲಿ ಬೆಳಗಾವಿ ತಾಲ್ಲೂಕಿನ ನಾವಗೆ ಬಳಿ ಟೇಪ್ ತಯಾರಿಸುವ ಕಾರ್ಖಾನೆಗೆ ಬೆಂಕಿ ಬಿದ್ದಾಗ ಯುವ ಕಾರ್ಮಿಕನೊಬ್ಬ ಲಿಫ್ಟ್‌ನಲ್ಲಿ ಸಿಕ್ಕಿ ಜೀವ ಬಿಟ್ಟ. ಉಡುಪು ಕಾರ್ಖಾನೆಯಲ್ಲಿ ಹೊತ್ತಿಕೊಳ್ಳುವುದು ನೂಲಿನ ದೂಳು. ಕಂಪ್ರೆಸರ್ ಗಾಳಿ ಊದಿ ಯಂತ್ರ ಸ್ವಚ್ಛ ಮಾಡಿದರೆ ಆ ದೂಳು ಹೋಗಿ ಕೂರುವುದು ಟ್ಯೂಬ್‌ಲೈಟ್ ಪಟ್ಟಿ, ಸ್ವಿಚ್‌ಬೋರ್ಡ್, ಮೋಟಾರ್ ಒಳಗೆ. ಸಡಿಲ ಜೋಡಣೆಯ ಒಂದು ಕಿಡಿ ಸಾಕು. ಊದುವ ಬದಲು ವ್ಯಾಕ್ಯೂಮ್‌ನಿಂದ ಎಳೆಯಬೇಕು. ಯಾವ ಮೂಲೆಯಿಂದಲೂ 15 ಮೀಟರ್ ಒಳಗೆ ಅಗ್ನಿಶಾಮಕ ಸಿಲಿಂಡರ್ ಸಿಗಬೇಕು, ವಿದ್ಯುತ್ ಪ್ಯಾನಲ್ ಬಳಿ ಇಂಗಾಲದ ಡೈಆಕ್ಸೈಡ್‌ನದೇ ಇರಬೇಕು.

ತುರ್ತು ಬಾಗಿಲಿಗೆ ಕೀಲಿ ಹಾಕುವುದು ಕಳ್ಳತನದ ಭಯಕ್ಕೆ. 1911ರಲ್ಲಿ ನ್ಯೂಯಾರ್ಕ್‌ನ ಟ್ರಯಾಂಗಲ್ ಕಾರ್ಖಾನೆಯಲ್ಲಿ 146 ಮಂದಿ ಸತ್ತಾಗಲೂ ಬಾಗಿಲಿಗೆ ಕೀಲಿ ಹಾಕಿದ್ದಕ್ಕೆ ಇದೇ ಕಾರಣ ಹೇಳಿದ್ದರು. ಒಳಗಿನಿಂದ ದೂಡಿದರೆ ತೆರೆಯುವ, ತೆರೆದೊಡನೆ ಗಂಟೆ ಬಾರಿಸುವ ಅಡ್ಡಪಟ್ಟಿ ಹಾಕಿದರೆ ಮಾಲು ಕದಿಯುವವರೂ ಸಿಕ್ಕಿಬೀಳುತ್ತಾರೆ, ಜೀವವೂ ಉಳಿಯುತ್ತದೆ. ಸಾಗಣೆಯ ದಿನ ಮೆಟ್ಟಿಲ ಮೇಲೆ ಪೆಟ್ಟಿಗೆ ಪೇರಿಸುವ ಚಾಳಿಗೆ ಮಾತ್ರ ಯಾವ ಯಂತ್ರವೂ ಮದ್ದಲ್ಲ, ಅಲ್ಲಿ ಇಲ್ಲವೆನ್ನುವ ಒಬ್ಬ ಮನುಷ್ಯ ಬೇಕು.

ಆ ಮನುಷ್ಯನಿಗೆ ಅಧಿಕಾರ ಕೊಡುವುದೇ ಸುರಕ್ಷತಾ ಸಮಿತಿಯ ಕೆಲಸ. ಢಾಕಾ ಹತ್ತಿರದ ರಾನಾ ಪ್ಲಾಜಾ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕ್ ಬಾಗಿಲು ಹಾಕಿತು. ಮೇಲಿನ ಉಡುಪು ಕಾರ್ಖಾನೆಗಳು ಕಾರ್ಮಿಕರನ್ನು ಮತ್ತೆ ಒಳಗೆ ಕರೆದವು. ಬಿರುಕು ಎಲ್ಲರಿಗೂ ಕಂಡಿತ್ತು, ಒಳಗೆ ಹೋಗೆವು ಎನ್ನುವ ಬಲ ಇರಲಿಲ್ಲ. ಮರುತಿಂಗಳೇ ಆದ, ಕಾರ್ಖಾನೆಗಳ ಬೆಂಕಿ ಮತ್ತು ಕಟ್ಟಡ ಸುರಕ್ಷತೆಯ ಕರಾರಾದ ಬಾಂಗ್ಲಾದೇಶ ಅಕಾರ್ಡ್‌ಗೆ ಕ್ರಮೇಣ 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸಹಿ ಹಾಕಿದವು. ಅದರ ಆಡಳಿತ ಸಮಿತಿಯಲ್ಲಿ ಬ್ರ್ಯಾಂಡ್‌ಗಳಿಗೂ ಕಾರ್ಮಿಕ ಸಂಘಟನೆಗಳಿಗೂ ಸಮ ಸ್ಥಾನವಿತ್ತು, ತಪಾಸಣಾ ವರದಿ ಸಾರ್ವಜನಿಕವಾಗಿತ್ತು, ಕರಾರು ಕಾನೂನುಬದ್ಧವಾಗಿತ್ತು.

ನಮ್ಮಲ್ಲಿ 2025ರ ನವೆಂಬರ್ 21ರಿಂದ ಜಾರಿಯಾದ ವೃತ್ತಿ ಸುರಕ್ಷತಾ ಸಂಹಿತೆಯ ಪ್ರಕಾರ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರುವಂತಿಲ್ಲ. ಸುರಕ್ಷತಾ ಅಧಿಕಾರಿ ಕಡ್ಡಾಯವಾಗುವುದು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ. ಅದಕ್ಕಿಂತ ಸಣ್ಣ ಘಟಕಗಳು ಇದು ನಮಗಲ್ಲ ಎಂದು ಕೂರಬಾರದು. ಕಾನೂನು ಹೇಳದಿದ್ದರೂ ಒಪ್ಪಂದದಿಂದಲೇ ಸಮಿತಿ ಮಾಡಬಹುದು. ಪ್ರತಿನಿಧಿಗಳನ್ನು ಮ್ಯಾನೇಜರ್ ಹೆಸರಿಸದೆ ಪ್ರತಿ ಲೈನಿನವರು ಆರಿಸಲಿ, ಹೆಂಗಸರೇ ಹೆಚ್ಚಿರುವ ಕಡೆ ಹೆಂಗಸರೇ ಬರಲಿ. ಅವರಿಗೆ ಅಪಾಯದ ಯಂತ್ರಕ್ಕೆ ಕೆಂಪು ಚೀಟಿ ಕಟ್ಟಿ ನಿಲ್ಲಿಸುವ ಹಕ್ಕಿರಲಿ. ಚೀಟಿ ಬಿಚ್ಚುವುದು ಮೆಕ್ಯಾನಿಕ್ ಮತ್ತು ಪ್ರತಿನಿಧಿ ಇಬ್ಬರ ಸಹಿ ಬಿದ್ದ ಮೇಲೆ. ನಿಂತ ಹೊತ್ತನ್ನು ಆ ಲೈನಿನ ಟಾರ್ಗೆಟ್‌ನಿಂದ ಕಳೆಯಬೇಕು, ಇಲ್ಲವಾದರೆ ಚೀಟಿ ಕಟ್ಟಿದವರ ಮೇಲೆ ಪಕ್ಕದವರೇ ಸಿಟ್ಟಾಗುತ್ತಾರೆ. ‘ಅಪಘಾತವಿಲ್ಲದ ತಿಂಗಳು’ ಎಂದು ಬಹುಮಾನ ಕೊಡುವುದನ್ನು ನಿಲ್ಲಿಸಿ. ಬಹುಮಾನ ತಪ್ಪೀತೆಂದು ಜನ ಗಾಯವನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋಗುತ್ತಾರೆ, ಇಎಸ್‌ಐ ಸೌಲಭ್ಯವನ್ನೂ ಕಳೆದುಕೊಳ್ಳುತ್ತಾರೆ.

ಮಾರ್ಚ್ 4ರ ಸುರಕ್ಷತಾ ದಿನದಂದು ಪ್ರತಿಜ್ಞೆ, ಫೋಟೊ, ಬಿಸ್ಕತ್ತು ಎಲ್ಲ ಆಗುತ್ತವೆ. ಆ ದಿನವೇ ಜಿಲ್ಲೆಯ ಉದ್ಯಮಿಗಳು, ಕಾರ್ಮಿಕ ಸಂಘಟನೆಗಳು ಮತ್ತು ಕಾರ್ಖಾನೆಗಳು, ಬಾಯ್ಲರ್‌ಗಳ ಇಲಾಖೆಯ ಅಧಿಕಾರಿಗಳು ಒಂದು ಮೇಜಿಗೆ ಕೂಡಲಿ. ಬರುವಾಗ ಮಾಲೀಕರು ಒಂದು ವರ್ಷದ ಮುರಿದ ಸೂಜಿಗಳ ರಿಜಿಸ್ಟರ್ ಮತ್ತು ಟೈಮ್ ಸ್ಟಡಿ ಹಾಳೆಗಳನ್ನು ತರಲಿ, ಸಂಘಟನೆಗಳು ದಾಖಲಾಗದ ಗಾಯಗಳ ಪಟ್ಟಿ ತರಲಿ. ಎರಡನ್ನೂ ಯಂತ್ರವಾರು ಜೋಡಿಸಿ ಓದಿದರೆ ಯಾವ ಟಾರ್ಗೆಟ್ ಮೊದಲು ಇಳಿಸಬೇಕು ಎಂಬುದು ಅಂದೇ ತೀರ್ಮಾನವಾಗುತ್ತದೆ.

– ಉಡುಪು ಕಾರ್ಖಾನೆಗಳ ಕೆಲವು ಸುರಕ್ಷತಾ ಸಿಬ್ಬಂದಿ ಮತ್ತು ಕಾರ್ಮಿಕರು, ಬೆಳಗಾವಿ